ಗುಮ್ಕಿಗೊಂದು ಡಬ್ಬ

ಮೂರು ವರ್ಷದ ಹಿಂದೆ ರಾಮನವಮಿಯ ಸಂಜೆ ಮಲ್ಲೇಶ್ವರದ ಒಂದು ಹಳೇ ಮನೆಯಲ್ಲಿ ಕಚೇರಿ ಇತ್ತು. ಮನೆ ಕಚೇರಿ ಅಂದ್ರೆ ಗೊತ್ತಲ್ಲ, ಸೋಫಾಗಳನ್ನೆಲ್ಲ ರೂಮಿಗೆ ತಳ್ಳಿ, ಜಮಖಾನ ಹಾಸಿ, ನಲವತ್ತು ಜನ ಒತ್ತಿಕೊಂಡು ಕೂರೋದು. ಮೈಕ್ ಇರಲಿಲ್ಲ. ನಾನು ತಡವಾಗಿ ಹೋದವನು. ಉಳಿದಿದ್ದ ಒಂದೇ ಜಾಗ ಮೃದಂಗದವರ ಎಡಗಡೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ.

ಶುರುವಾಗುವ ಮುಂಚೆ ಅವರು ಅಡುಗೆಮನೆ ಕಡೆ ತಿರುಗಿ, "ಅಮ್ಮಾ, ಒಂದು ಹಿಡಿ ಚಿರೋಟಿ ರವೆ ಸಿಗತ್ತಾ?" ಅಂದರು. ಬಟ್ಟಲಲ್ಲಿ ರವೆ ಬಂತು. ನೀರು ಚಿಮುಕಿಸಿ, ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಮೃದಂಗದ ಎಡಗಡೆಯ ಮುಖದ ನಡುವೆ ಒತ್ತಿ ಅಂಟಿಸಿದರು. ತಟ್ಟಿ ನೋಡಿದರು. ಇನ್ನೊಂದು ಚೂರು ಸೇರಿಸಿದರು. ಮತ್ತೆ ತಟ್ಟಿದರು. ಆಗ ಬಂತು ನೋಡಿ ಆ ಸದ್ದು. ನನ್ನ ಕೈಯಲ್ಲಿದ್ದ ಪಾನಕದ ಲೋಟದಲ್ಲಿ ಸಣ್ಣಗೆ ಅಲೆ ಎದ್ದಿತು.

ಎಡಗಡೆಯ ಆ ಮುಖಕ್ಕೆ ತೊಪ್ಪಿ ಅಂತಾರೆ. ತೊಪ್ಪಿಯನ್ನು ಬಾರಿಸಿ, ಅಂಗೈಯ ಬುಡದಿಂದ ಹಾಗೇ ಒತ್ತಿ ಜಾರಿಸಿದರೆ 'ಗುಂವ್' ಅಂತ ಸದ್ದು ಮೇಲಕ್ಕೆ ಎದ್ದು ಬರುತ್ತದಲ್ಲ, ಅದು ಗುಮ್ಕಿ. ಪಾರಿವಾಳ ಗಂಟಲೊಳಗೇ ಗುಟುರು ಹಾಕಿದ ಹಾಗೆ. ಅವತ್ತು ಎರಡೂವರೆ ಗಂಟೆ ನಾನು ಕೇಳಿದ್ದು ಹೆಚ್ಚುಕಮ್ಮಿ ಅದೊಂದನ್ನೇ. ಹಾಡಿದವರು ಬೇಜಾರು ಮಾಡಿಕೊಳ್ಳಬಾರದು.

ಮನೆಗೆ ಬಂದು, ಅದೇ ವಿದ್ವಾಂಸರು ನುಡಿಸಿದ್ದ ಒಂದು ರೆಕಾರ್ಡಿಂಗ್ ಹಾಕಿದೆ. ನನ್ನ ಹತ್ತಿರ ಇದ್ದದ್ದು ಪುಟ್ಟ ಬುಕ್‌ಶೆಲ್ಫ್ ಸ್ಪೀಕರುಗಳು. ವೂಫರ್, ಅಂದರೆ ಕೆಳಗಿನ ಸದ್ದು ಮಾಡುವ ಕೋನ್, ನಾಲ್ಕೂವರೆ ಇಂಚಿನದು. ಗಂಟಲು, ಪಿಟೀಲು, ಬಲಗಡೆಯ ಛಾಪು, ಎಲ್ಲ ಚೆನ್ನಾಗಿತ್ತು. ಗುಮ್ಕಿಯೂ ಇತ್ತು, ಇರಲಿಲ್ಲ ಅನ್ನೋಕಾಗಲ್ಲ. ಆದರೆ ನೆರಳಿತ್ತು, ಆಳಿರಲಿಲ್ಲ. ಹತ್ತು ವರ್ಷದಿಂದ ಇದೇ ಸ್ಪೀಕರಿನಲ್ಲಿ ಕೇಳುತ್ತಿದ್ದವನು ನಾನು. ಅವತ್ತಿನವರೆಗೆ ಏನೂ ಕಮ್ಮಿ ಅನ್ನಿಸಿರಲಿಲ್ಲ. ಹೀಗೆ ಶುರುವಾಯಿತು ಸಬ್‌ವೂಫರ್ ಹುಚ್ಚು, ಅಂದರೆ ಬೇಸ್‌ಗೆಂದೇ ಮಾಡಿದ ಸ್ಪೀಕರ್ ಡಬ್ಬದ ಹುಚ್ಚು.

ಸಣ್ಣ ಸ್ಪೀಕರ್ ಮಾಡುವ ಮೋಸ ಒಂಥರಾ ಒಳ್ಳೇ ಮೋಸ. ಕೆಳಗಿನ ಮೂಲ ಸ್ವರ ಕತ್ತರಿಸಿ ಹೋಗಿದ್ದರೂ ಅದರ ಮೇಲಿನ ಉಪಸ್ವರಗಳು ಉಳಿದಿರುತ್ತವೆ. ಅವನ್ನು ಕೇಳಿ ನಮ್ಮ ಮಿದುಳು ಮೂಲವನ್ನು ತಾನೇ ತುಂಬಿಕೊಳ್ಳುತ್ತದೆ. ಮೊಬೈಲಿನ ಪುಟಾಣಿ ಸ್ಪೀಕರಿನಲ್ಲೂ ಬೇಸ್ ಗಿಟಾರ್ ಯಾವ ಸ್ವರ ನುಡಿಸುತ್ತಿದೆ ಅಂತ ಗೊತ್ತಾಗುವುದು ಇದರಿಂದಲೇ. ಸ್ಪೀಕರ್ ಮಾಡುವವರೂ ಸ್ವಲ್ಪ ಕೈ ಸೇರಿಸುತ್ತಾರೆ. 1970ರ ದಶಕದಲ್ಲಿ ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ಎಲ್‌ಎಸ್3/5ಎ ಅಂತ ಒಂದು ಸ್ಪೀಕರ್ ಮಾಡಿತು. ಒಳಗಿನ ಜಾಗ ಸುಮಾರು ಐದು ಲೀಟರ್, ಅಂದರೆ ನಮ್ಮ ಮನೆಯ ಕುಕ್ಕರಿನಷ್ಟು. ಅದರ ಬೇಸ್ ಆಳಕ್ಕೆ ಇಳಿಯುವುದಿಲ್ಲ. ಆದರೆ ಇಳಿಯುವ ಮುಂಚೆ ಒಂದು ಸಣ್ಣ ಉಬ್ಬು ಇದೆ. ಆ ಉಬ್ಬಿನಿಂದಲೇ ಕೇಳುವವರಿಗೆ 'ಪರವಾಗಿಲ್ವೇ, ತುಂಬಿದೆ' ಅನ್ನಿಸುತ್ತದೆ. ಇವತ್ತಿನ ಎಷ್ಟೋ ಸಣ್ಣ ಸ್ಪೀಕರುಗಳಲ್ಲಿ ಇದೇ ಉಪಾಯ ಇದೆ. ನನ್ನದರಲ್ಲೂ ಇತ್ತು. ಒಂದು ಸಲ ನಿಜವಾದ ತೊಪ್ಪಿಯ ಪಕ್ಕ ಕೂತೆ ನೋಡಿ, ಅಲ್ಲಿಗೆ ಮೋಸ ಬಯಲಾಯಿತು.

ಸ್ಪೀಕರನ್ನು ಬೈದು ಪ್ರಯೋಜನವಿಲ್ಲ. ಸದ್ದು ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಜೋರು ಬರಬೇಕಾದರೆ ಕೋನ್ ನಾಲ್ಕು ಪಟ್ಟು ಹೆಚ್ಚು ಹಿಂದೆ ಮುಂದೆ ಆಡಬೇಕು. ಎರಡು ಸ್ಥಾಯಿ ಇಳಿದರೆ ಹದಿನಾರು ಪಟ್ಟು. ನಾಲ್ಕೂವರೆ ಇಂಚಿನ ಕೋನ್ ಎಷ್ಟು ಅಂತ ಆಡೀತು? ಇದಕ್ಕೆ ಸ್ಪೀಕರಿನ ಮಂದಿ ಹಾಫ್‌ಮನ್‌ನ ಕಬ್ಬಿಣದ ನಿಯಮ ಅಂತ ಒಂದು ಮಾತು ಹೇಳುತ್ತಾರೆ. 1957ರಲ್ಲಿ ಅಮೆರಿಕದಲ್ಲಿ ಶುರುವಾದ ಕೆಎಲ್‌ಎಚ್ ಕಂಪನಿಯ ಹೆಸರಿನಲ್ಲಿ ಕೊನೆಗೆ ಇರುವ 'ಎಚ್' ಇದೇ ಹಾಫ್‌ಮನ್. ಡಬ್ಬ ಚಿಕ್ಕದಿರಬೇಕು, ಬೇಸ್ ಆಳವಾಗಿರಬೇಕು, ಸ್ವಲ್ಪ ಕರೆಂಟಿಗೇ ಜೋರಾಗಿ ಕೂಗಬೇಕು. ಈ ಮೂರರಲ್ಲಿ ಎರಡನ್ನು ಕೇಳಿ, ಮೂರನೆಯದನ್ನು ಬಿಡಿ ಅನ್ನುತ್ತದೆ ನಿಯಮ. ನಮ್ಮ ಹುಡುಗಿ ಹುಡುಗರಿಗೆ ಗಂಡು ಹೆಣ್ಣು ನೋಡುವಾಗ ಹೇಳುವ ಹಾಗೆಯೇ.

ಸರಿ, ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಒಳ್ಳೆಯವನು, ಉತ್ಸಾಹಿ. "ಸಾರ್, ಎದೆ ನಡುಗಬೇಕು ಸಾರ್" ಅಂತ ಒಂದು ಇಂಗ್ಲಿಷ್ ಸಿನಿಮಾದ ಬಾಂಬ್ ಸ್ಫೋಟ ಹಾಕಿದ. ಎದೆ ನಡುಗಿತು. ಕಿಟಕಿಯೂ ನಡುಗಿತು. "ಸ್ವಲ್ಪ ಮೃದಂಗ ಹಾಕ್ತೀರಾ?" ಅಂದೆ. ಅವನು ನನ್ನ ಮುಖ ನೋಡಿದ. ಆಮೇಲೆ ಮೊಬೈಲಿನಲ್ಲಿ ಹುಡುಕಿ ಏನೋ ಒಂದು ಫ್ಯೂಷನ್ ಹಾಕಿದ. ಅದರಲ್ಲೂ ಎದೆ ನಡುಗಿತು. ಕೇಳಲು ಬಂದಿದ್ದು ಗುಮ್ಕಿ, ಕೊಂಡು ಹೋದದ್ದು 12 ಇಂಚಿನ, ಹೊಟ್ಟೆಯಲ್ಲಿ ತೂತಿರುವ ದೊಡ್ಡ ಡಬ್ಬ. ತಪ್ಪು ಅವನದಲ್ಲ. ನಡುಗಿದ ಎದೆ ನನ್ನದೇ ತಾನೆ.

ಹಾಲ್‌ನ ಮೂಲೆಯಲ್ಲಿ, ಟಿವಿ ಪಕ್ಕ ಇಟ್ಟೆ. ಮೂಲೆಯಲ್ಲೇ ಇಡಬೇಕು, ಬೇಸ್ ಜಾಸ್ತಿ ಬರತ್ತೆ ಅಂತ ಎಲ್ಲರೂ ಹೇಳಿದ್ದರು. ಜಾಸ್ತಿ ಬಂದದ್ದು ನಿಜ. ಮೃದಂಗದವರು ಡೊಳ್ಳು ಕುಣಿತಕ್ಕೆ ಸೇರಿಕೊಂಡ ಹಾಗಾಯಿತು. ಒಂದು ಹೊಡೆತ ಮುಗಿಯುವ ಮುಂಚೆ ಇನ್ನೊಂದು ಅದರ ಮೇಲೆ ಬಂದು ಕೂರುತ್ತಿತ್ತು. ಶೋಕೇಸಿನ ಗಾಜಿನ ಬಾಗಿಲು ತನ್ನದೇ ತಾಳ ಹಾಕುತ್ತಿತ್ತು. ಒಳಗಿದ್ದ ಚನ್ನಪಟ್ಟಣದ ಬೊಂಬೆಗಳು ದಿನಕ್ಕೊಂದು ದಿಕ್ಕಿಗೆ ತಿರುಗುತ್ತಿದ್ದವು. ನಾಲ್ಕನೇ ದಿನ ಕೆಳಗಿನ ಮನೆಯ ಓನರ್ ಮೆಟ್ಟಿಲು ಹತ್ತಿ ಬಂದರು. ಎಪ್ಪತ್ತೆಂಟು ವರ್ಷ ಅವರಿಗೆ, ಮಂಡಿ ನೋವು ಬೇರೆ. ಬಾಗಿಲಲ್ಲೇ ನಿಂತು ಕೇಳಿದರು, "ಏನಪ್ಪಾ, ಸಂಪಿನ ಮೋಟರ್ ಹಾಕಿದ್ದು ಮರೆತುಬಿಟ್ಯಾ? ಟ್ಯಾಂಕ್ ತುಂಬಿ ಹರಿಯುತ್ತೇನೋ ನೋಡು."

ಮೋಟರ್ ಆಫ್ ಇತ್ತು. ಮೃದಂಗದ ತನಿ ಆವರ್ತನ ಆನ್ ಇತ್ತು.

ಆ ಡಬ್ಬವನ್ನು ಆರು ತಿಂಗಳಲ್ಲಿ ಮಾರಿದೆ. ಎಷ್ಟು ನಷ್ಟ ಅಂತ ಹೆಂಡತಿಗೆ ಇನ್ನೂ ಸರಿಯಾಗಿ ಹೇಳಿಲ್ಲ. ಅವಳು ಇದನ್ನು ಓದಲ್ಲ ಅನ್ನೋ ಧೈರ್ಯ.

ಆಮೇಲೆ ಕೂತು ಯೋಚನೆ ಮಾಡಿದೆ, ಅಂಗಡಿಗೆ ಹೋಗುವ ಮುಂಚೆ ಮಾಡಬೇಕಿದ್ದ ಯೋಚನೆ. ನಾನು ಕೇಳುವ ಸಂಗೀತ ಎಷ್ಟು ಕೆಳಗೆ ಇಳಿಯುತ್ತದೆ? ಚರ್ಚಿನ ದೊಡ್ಡ ಆರ್ಗನ್‌ನ 32 ಅಡಿ ಕೊಳವೆ ಹೆಚ್ಚುಕಮ್ಮಿ 16 ಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 16 ಕಂಪನಕ್ಕೆ, ಹೋಗುತ್ತದೆ. ಪಿಯಾನೋದ ಕೊನೆಯ ಕೀಲಿ 27.5. ಬೇಸ್ ಗಿಟಾರಿನ ದಪ್ಪ ತಂತಿ 41. ಇಳಯರಾಜ ಅವರ ಹಾಡುಗಳಲ್ಲಿ ಬೇಸ್ ಗಿಟಾರ್ ಹಾಡಿನ ಅಡಿಯಲ್ಲಿ ಇನ್ನೊಂದು ಹಾಡನ್ನೇ ಹಾಡುತ್ತಿರುತ್ತದಲ್ಲ, ಅದಕ್ಕೆ 40ರವರೆಗೆ ಇಳಿದರೆ ಸಾಕು. ಇನ್ನು ಗಂಡಸರ ತಂಬೂರಿ. ಒಂದೂವರೆ ಮನೆ, ಅಂದರೆ ಹಾರ್ಮೋನಿಯಂನ ಮೊದಲ ಕರಿ ಮನೆಯ ಶ್ರುತಿಗೆ ಕೂರಿಸಿದರೆ ಮಂದ್ರ ಷಡ್ಜದ ತಂತಿ 69 ಹರ್ಟ್ಜ್. ತೊಪ್ಪಿಯ ಹೊಡೆತವನ್ನು ನನ್ನ ರೆಕಾರ್ಡಿಂಗುಗಳಲ್ಲಿ ಅಳೆದು ನೋಡಿದೆ. 70ರ ಆಸುಪಾಸಿನಲ್ಲಿ ಹುಟ್ಟಿ ಗುಮ್ಕಿಯಲ್ಲಿ ಮೇಲೇರುತ್ತಿತ್ತು. ತಬಲಾದ ಡಗ್ಗವೂ ಹೆಚ್ಚು ದೂರದಲ್ಲಿಲ್ಲ.

ಅಂದರೆ 20 ಹರ್ಟ್ಜ್ ಅಂತ ಡಬ್ಬದ ಮೇಲೆ ದಪ್ಪಗೆ ಬರೆದಿದ್ದಕ್ಕೆ ನಾನು ದುಡ್ಡು ಕೊಟ್ಟಿದ್ದೆ. ನನಗೆ ಬೇಕಾಗಿದ್ದದ್ದು 40ರಿಂದ 100ರ ನಡುವಿನ ಒಂದು ಗೇಣು ಜಾಗ. ಆ ಜಾಗದಲ್ಲಿ ಆಳಕ್ಕಿಂತ ಶುದ್ಧಿ ಮುಖ್ಯ. ಹೊಡೆದಾಗ ಬರಬೇಕು, ಕೈ ಎತ್ತಿದಾಗ ನಿಲ್ಲಬೇಕು. ಸಿನಿಮಾದವರ ಲೆಕ್ಕ ಬೇರೆ. ಅವರಿಗೆ ಹೆಲಿಕಾಪ್ಟರ್ ಬೇಕು, ನನಗೆ ಬೇಡ.

ರವೆಯ ವಿಷಯಕ್ಕೆ ಇನ್ನೊಂದು ಸಲ ಬರುತ್ತೇನೆ, ಯಾಕೆಂದರೆ ಸಬ್‌ವೂಫರ್ ನನಗೆ ಅರ್ಥವಾದದ್ದು ಅದರಿಂದಲೇ. ಚರ್ಮದ ಮೇಲೆ ಭಾರ ಹಾಕಿದರೆ ಅದು ನಿಧಾನ ಕಂಪಿಸುತ್ತದೆ, ಸ್ವರ ಕೆಳಗಿಳಿಯುತ್ತದೆ. ಬಲಗಡೆಯ ಮುಖದ ನಡುವೆ ಇರುವ ಕಪ್ಪು ಕರಣೆಯದೂ ಭಾರದ ಆಟವೇ. ಬರೀ ಚರ್ಮದ ಸದ್ದಿಗೆ ಸ್ವರವೇ ಸರಿಯಾಗಿ ನಿಲ್ಲುವುದಿಲ್ಲ. ಕರಣೆ ಹಾಕಿದಾಗ ಉಪಸ್ವರಗಳು ಒಂದು, ಎರಡು, ಮೂರು ಅಂತ ಸಾಲಾಗಿ ಕೂರುತ್ತವೆ. ಇದನ್ನು ಲೆಕ್ಕ ಹಾಕಿ ತೋರಿಸಿದವರು ಸಿ.ವಿ. ರಾಮನ್. 1920ರಲ್ಲೇ ಒಂದು ಸಣ್ಣ ಟಿಪ್ಪಣಿ ಬರೆದಿದ್ದರು. 1934ರಲ್ಲಿ, ಅವರು ನಮ್ಮ ಬೆಂಗಳೂರಿಗೆ ಬಂದ ಮರುವರ್ಷ, ಇಲ್ಲೇ ಶುರುವಾದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ದೊಡ್ಡದಾಗಿ ಬರೆದರು. ಸಬ್‌ವೂಫರಿನ ಕೋನ್ ಮುಟ್ಟಿ ನೋಡಿದರೆ ದಪ್ಪಗೆ, ಭಾರವಾಗಿ ಇರುತ್ತದೆ. ಅದೂ ರವೆ ಮೆತ್ತಿದ ಮುಖದ ಹಾಗೆಯೇ. ಭಾರ ಜಾಸ್ತಿಯಾದಷ್ಟೂ ಕೆಳಗಿಳಿಯುತ್ತದೆ, ಆದರೆ ಅಲ್ಲಾಡಿಸೋಕೆ ಶಕ್ತಿಯೂ ಜಾಸ್ತಿ ಬೇಕು. ಅದಕ್ಕೇ ಒಳಗೆ ನೂರಾರು ವಾಟಿನ ಆಂಪ್ಲಿಫೈಯರ್ ಕೂರಿಸಿರುತ್ತಾರೆ.

ತೂತಿರುವ ಡಬ್ಬವೋ, ಮುಚ್ಚಿದ ಡಬ್ಬವೋ? ಇದರ ಬಗ್ಗೆ ಜನ ಇಡ್ಲಿ ಮೆತ್ತಗಿರಬೇಕೋ ಗಟ್ಟಿಯಿರಬೇಕೋ ಅನ್ನೋ ಥರ ಜಗಳ ಆಡುತ್ತಾರೆ. ತೂತಿನ ಡಬ್ಬ ಬಾಟಲಿಯ ಬಾಯಿಗೆ ಊದಿದ ಹಾಗೆ. ಒಂದು ಸ್ವರದ ಹತ್ತಿರ ಒಳಗಿನ ಗಾಳಿ ತಾನೇ ಹಾಡಿ, ಕೋನ್‌ಗೆ ಕೆಲಸ ಕಮ್ಮಿ ಮಾಡುತ್ತದೆ. ಅದೇ ಗಾತ್ರಕ್ಕೆ ಜೋರು ಜಾಸ್ತಿ. ಆದರೆ ಆ ಸ್ವರದ ಕೆಳಗೆ ಸದ್ದು ಸ್ಥಾಯಿಗೆ 24 ಡೆಸಿಬಲ್‌ನಂತೆ ಧೊಪ್ಪನೆ ಬೀಳುತ್ತದೆ. ಮುಚ್ಚಿದ ಡಬ್ಬದ್ದು ಸ್ಥಾಯಿಗೆ 12 ಡೆಸಿಬಲ್, ನಿಧಾನವಾಗಿ ಮೆಟ್ಟಿಲಿಳಿದ ಹಾಗೆ. 1954ರಲ್ಲಿ ಎಡ್ಗರ್ ವಿಲ್ಚರ್ ಅನ್ನೋ ಅಮೆರಿಕದವರು, ಡಬ್ಬ ಮುಚ್ಚಿ ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡರೆ ಚಿಕ್ಕ ಸ್ಪೀಕರಿನಲ್ಲೂ ಒಳ್ಳೆ ಬೇಸ್ ಬರುತ್ತದೆ ಅಂತ ಮಾಡಿ ತೋರಿಸಿದರು. ಅಲ್ಲಿಯವರೆಗೆ ಬೇಸ್ ಬೇಕು ಅಂದರೆ ಫ್ರಿಜ್‌ನಷ್ಟು ದೊಡ್ಡ ಡಬ್ಬ ಬೇಕಿತ್ತು.

ನಮ್ಮ ಮನೆಗಳಿಗೆ ಮುಚ್ಚಿದ ಡಬ್ಬವೇ ವಾಸಿ ಅನ್ನೋದು ನನ್ನ ಮತ. ಕಾರಣ ಇಷ್ಟೇ. ಅಮೆರಿಕದ ಮನೆಗಳ ಗೋಡೆ ಮರದ ಚೌಕಟ್ಟಿನ ಮೇಲೆ ಜಿಪ್ಸಮ್ ಹಲಗೆ. ಬೇಸ್ ಬಂದರೆ ಅದು ಸ್ವಲ್ಪ ಅಲ್ಲಾಡುತ್ತದೆ, ಒಂದಷ್ಟು ಹೊರಗೂ ಹೋಗುತ್ತದೆ. ನಮ್ಮದು ಇಟ್ಟಿಗೆ, ಸಿಮೆಂಟು, ಮೇಲೆ ಆರ್‌ಸಿಸಿ. ಬೇಸ್ ಒಳಗೇ ಸುತ್ತುತ್ತದೆ. ತೀರಾ ಕೆಳಗಿನ ಸದ್ದನ್ನು ಕೋಣೆಯೇ ಎತ್ತಿಕೊಡುತ್ತದೆ. ಮುಚ್ಚಿದ ಡಬ್ಬ ಮೆಲ್ಲಗೆ ಇಳಿಯುವುದೂ ಕೋಣೆ ಮೆಲ್ಲಗೆ ಎತ್ತುವುದೂ ಒಂದಕ್ಕೊಂದು ಸರಿಹೋಗುತ್ತವೆ. ಹಾಗಂತ ತೂತಿನ ಡಬ್ಬವೆಲ್ಲ ಕೆಟ್ಟದ್ದು ಅಂತಲ್ಲ. ಚೆನ್ನಾಗಿ ಮಾಡಿದ ತೂತಿನ ಡಬ್ಬ, ಕೆಟ್ಟದಾಗಿ ಮಾಡಿದ ಮುಚ್ಚಿದ ಡಬ್ಬಕ್ಕಿಂತ ಎಷ್ಟೋ ಮೇಲು.

ಕೋಣೆಯ ಕತೆ ಇನ್ನೂ ಇದೆ. ನಮ್ಮ ಹಾಲ್ 14 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಶಬ್ದದ ವೇಗವನ್ನು ಗೋಡೆಯಿಂದ ಗೋಡೆಗಿರುವ ದೂರದ ಎರಡರಷ್ಟರಿಂದ ಭಾಗಿಸಿದರೆ ಆ ಕೋಣೆ ಯಾವ ಸ್ವರಕ್ಕೆ ಗುಂಯ್‌ಗುಡುತ್ತದೆ ಅಂತ ಸಿಗುತ್ತದೆ. ಉದ್ದಕ್ಕೆ 40 ಹರ್ಟ್ಜ್, ಅಗಲಕ್ಕೆ 51, ಎತ್ತರಕ್ಕೆ 56. ಉದ್ದ, ಎತ್ತರ ಎರಡೂ ಸೇರಿ ಇನ್ನೊಂದು ಹುಟ್ಟುತ್ತದೆ. ಅದು 69ರ ಹತ್ತಿರ. ಕ್ಯಾಲ್ಕುಲೇಟರ್ ಹಿಡಿದು ನಗು ಬಂತು. ನಮ್ಮ ಮನೆಯ ಶ್ರುತಿ ಸರಿಯಾಗಿ ಒಂದೂವರೆ ಮನೆ! ಮೂಲೆಯಲ್ಲಿಟ್ಟ ಡಬ್ಬ ಈ ಎಲ್ಲ ಸ್ವರಗಳನ್ನೂ ಒಟ್ಟಿಗೆ ಎಬ್ಬಿಸುತ್ತದೆ. ತಂಬೂರಿಯ ಮಂದ್ರವೂ ತೊಪ್ಪಿಯೂ ಬಂದು ಬೀಳುವ ಜಾಗದಲ್ಲೇ ಕೋಣೆಯೂ ಹಾಡುತ್ತಿತ್ತು. ಓನರ್ ತಾತ ಮೋಟರ್ ಅಂದುಕೊಂಡಿದ್ದರಲ್ಲಿ ತಪ್ಪೇನಿದೆ?

ಎರಡನೇ ಸಬ್ ಸೆಕೆಂಡ್ ಹ್ಯಾಂಡ್. ಜಯನಗರದ ಒಬ್ಬರು ಮನೆ ಬದಲಾಯಿಸುತ್ತಿದ್ದರು. 10 ಇಂಚಿನದು, ಮುಚ್ಚಿದ ಡಬ್ಬ, 18 ಕೆಜಿ. ಹಳೇ ಸಬ್ ಕೊಳ್ಳುವವರಿಗೆ ನಾನು ಕಲಿತದ್ದನ್ನು ಹೇಳುತ್ತೇನೆ. ಕೋನ್ ಸುತ್ತಲಿನ ರಬ್ಬರ್ ಅಂಚನ್ನು ಟಾರ್ಚ್ ಹಾಕಿ ನೋಡಿ, ಬಿರುಕು ಇರಬಾರದು. ಆಫ್ ಇರುವಾಗ ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮನಾಗಿ, ಮೆಲ್ಲಗೆ ಒಳಗೆ ಒತ್ತಿ. 'ಸರಕ್' ಅಂತ ಕೆರೆದ ಸದ್ದು ಬಂದರೆ ಎದ್ದು ಬನ್ನಿ. ಏನೂ ಜೋಡಿಸದೆ ಆನ್ ಮಾಡಿ ಕಿವಿ ಹತ್ತಿರ ಇಡಿ. ಒಂದೊಂದೇ ನಾಬ್ ತಿರುಗಿಸಿ, ಕರಕರ ಅನ್ನುತ್ತದಾ ನೋಡಿ. ಹಾಗೇ ಮೂಸಿ ನೋಡಿ. ನಗಬೇಡಿ, ಕೋನನ್ನು ಆಡಿಸುವ ತಂತಿ ಸುರುಳಿ ಇದೆಯಲ್ಲ, ವಾಯಿಸ್ ಕಾಯಿಲ್, ಅದು ಸುಟ್ಟ ವಾಸನೆ ಬೇಗ ಹೋಗುವುದಿಲ್ಲ. ಮಾರುವವರ ಮನೆಯಾಕೆ ನಾನು ಮೂಸುವುದನ್ನು ನೋಡಿ, "ಕಾಫಿ ಕೊಡ್ಲಾ?" ಅಂತ ಕೇಳಿದರು. ಪಾಪ.

ಈ ಸಲ ಜೋಡಿಸುವುದರಲ್ಲೂ ಹುಷಾರಾದೆ. ನನ್ನ ಆಂಪ್ ಹಳೇ ಕಾಲದ ಸ್ಟೀರಿಯೋ, ಸಬ್‌ಗೆ ಅಂತ ಬೇರೆ ಪಿನ್ ಇಲ್ಲ. ಇಂಥವರಿಗೆ ಹೈ ಲೆವೆಲ್ ಅಂತ ಒಂದು ದಾರಿ ಇದೆ. ಸ್ಪೀಕರಿನ ವೈರ್ ಹೊರಡುವ ಟರ್ಮಿನಲ್‌ನಿಂದಲೇ ಇನ್ನೊಂದು ತೆಳ್ಳನೆ ವೈರ್ ಎಳೆದು ಸಬ್‌ಗೆ ಕೊಡೋದು. ಬ್ರಿಟನ್ನಿನ ಆರ್‌ಇಎಲ್ ಕಂಪನಿಯವರು ಮೊದಲಿನಿಂದಲೂ ಇದನ್ನೇ ಹಿಡಿದುಕೊಂಡಿದ್ದಾರೆ, ಬೇರೆ ಎಷ್ಟೋ ಸಬ್‌ಗಳಲ್ಲೂ ಇದೆ. ಸಬ್ ಅಲ್ಲಿಂದ ಕರೆಂಟು ಎಳೆಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಆಂಪ್‌ಗೆ ಹೊರೆ ಇಲ್ಲ. ಒಂದು ಎಚ್ಚರ ಮಾತ್ರ ಬೇಕು. ಈಗಿನ ಕೆಲವು ಕ್ಲಾಸ್-ಡಿ ಆಂಪ್‌ಗಳಲ್ಲಿ ಕಪ್ಪು ಟರ್ಮಿನಲ್ ಅಂದರೆ ಅರ್ತ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಅಂಥದ್ದಕ್ಕೆ ಮಾಮೂಲಿಯ ಹಾಗೆ ಜೋಡಿಸಿದರೆ ಆಂಪ್ ಸುಡಬಹುದು. ಕಂಪನಿಯವರನ್ನು ಕೇಳಿಯೇ ಮುಂದೆ ಹೋಗಿ.

ಜೋಡಿಸಿ ಆನ್ ಮಾಡಿದೆ. 'ಗುಂ' ಅಂತ ಒಂದೇ ಸಮ ಹಮ್. ಇದು ನಮ್ಮ ಮನೆಗಳ ಮಾಮೂಲಿ ಕಾಯಿಲೆ. ಆಂಪ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಸಬ್ ಇನ್ನೊಂದು ಗೋಡೆಯದರಲ್ಲಿ. ಎರಡರ ಅರ್ತ್ ನಡುವೆ ಸಣ್ಣ ವ್ಯತ್ಯಾಸ ಇದ್ದರೂ ಅದು 50 ಹರ್ಟ್ಜ್ ಆಗಿ ಒಳಗೆ ಬರುತ್ತದೆ. ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್ ತಂದು ಎರಡನ್ನೂ ಒಂದೇ ಕಡೆ ಚುಚ್ಚಿದೆ, ಹಮ್ ಹೋಯಿತು. ಕೆಲವರು ಅರ್ತ್ ಪಿನ್ನನ್ನೇ ಕಿತ್ತುಹಾಕಿ ಅಂತ ಸಲಹೆ ಕೊಡುತ್ತಾರೆ. ದಯವಿಟ್ಟು ಬೇಡ, ಶಾಕ್ ಹೊಡೆದರೆ ತಡೆಯುವುದು ಅದೊಂದೇ.

ಇನ್ನು ಜಾಗ. ಇದಕ್ಕೊಂದು ಹಳೇ ಉಪಾಯ ಇದೆ, ತಮಾಷೆಯಾಗಿದೆ, ಕೆಲಸವೂ ಮಾಡುತ್ತದೆ. ನೀವು ಕೂತು ಕೇಳುವ ಜಾಗದಲ್ಲಿ ಸಬ್ ಇಡಿ. ಒಂದೇ ಬೇಸ್ ಹಾಡನ್ನು ಮತ್ತೆ ಮತ್ತೆ ಹಾಕಿ. ನೀವು ಗೋಡೆಯುದ್ದಕ್ಕೂ ಅಂಬೆಗಾಲಿಡುತ್ತಾ ಹೋಗಿ. ಎಲ್ಲಿ ಪ್ರತಿ ಸ್ವರವೂ ಸಮನಾಗಿ ಕೇಳುತ್ತದೋ ಅಲ್ಲೇ ಸಬ್‌ನ ಜಾಗ. ಒಂದು ಭಾನುವಾರ ಮಧ್ಯಾಹ್ನ ದಿವಾನದ ಮೇಲೆ 18 ಕೆಜಿ ಡಬ್ಬ ಕೂರಿಸಿ, ಪಂಚೆ ಎತ್ತಿಕಟ್ಟಿ, ನೆಲದ ಮೇಲೆ ಹೊರಟೆ. ಅಮ್ಮ ನಿದ್ದೆಯಿಂದೆದ್ದು ಬಂದು ನೋಡಿದರು.

"ಏನೋ ಕಳ್ಕೊಂಡ್ಯಾ?"

"ಬೇಸ್ ಹುಡುಕ್ತಿದೀನಿ ಅಮ್ಮ."

"ಸೋಫಾ ಕೆಳಗೆ ನೋಡು. ಎಲ್ಲ ಅಲ್ಲೇ ಸೇರ್ಕೊಂಡಿರತ್ತೆ."

ಸೋಫಾ ಕೆಳಗೆ ಎರಡು ಪೆನ್ನು ಮತ್ತು ಮಗಳ ಕಿವಿಯೋಲೆ ಸಿಕ್ಕಿತು. ಬೇಸ್ ಸಿಕ್ಕಿದ್ದು ಉದ್ದ ಗೋಡೆಯ ನಟ್ಟನಡುವೆ, ಕಿಟಕಿ ಕೆಳಗೆ. ಆಮೇಲೆ ಯೋಚಿಸಿದರೆ ಕಾರಣ ಸರಳ. ಗೋಡೆಯಿಂದ ಗೋಡೆಗೆ ತೂಗುವ ಆ 40 ಹರ್ಟ್ಜ್‌ನ ಅಲೆಗೆ ಕೋಣೆಯ ನಡುವೆ ಬಲವೇ ಇಲ್ಲ. ಅಲ್ಲಿ ನಿಂತು ತಳ್ಳಿದರೆ ಅದು ಏಳುವುದೇ ಇಲ್ಲ. ಉಯ್ಯಾಲೆಯನ್ನು ಹಗ್ಗ ಕಟ್ಟಿದ ಕೊಂಬೆಯ ಹತ್ತಿರ ತಳ್ಳಿದ ಹಾಗೆ. ಉದ್ದ, ಎತ್ತರ ಸೇರಿ ಹುಟ್ಟುವ ಆ 69ರದ್ದೂ ಇದೇ ಕತೆ. ಮೂಲೆಯಿಂದ ಏಳಡಿ ಸರಿದಿದ್ದಕ್ಕೆ ನಮ್ಮ ಮನೆಯ ಶ್ರುತಿ ಬಾಯಿ ಮುಚ್ಚಿತು. ದುಡ್ಡಿದ್ದವರು ಎರಡು ಸಬ್ ತಂದು ಎದುರುಬದುರು ಗೋಡೆಗಳ ನಡುವೆ ಇಡಬಹುದು. ಹಾರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲೇ ಲೆಕ್ಕ ಹಾಕಿ, ಎಷ್ಟೋ ಬಗೆಯ ಜೋಡಣೆ ಹೋಲಿಸಿ ಇದನ್ನು ತೋರಿಸಿದ್ದಾರೆ. ದೊಡ್ಡದೊಂದರ ಬದಲು ಚಿಕ್ಕವೆರಡು. ಆದರೆ ನಮ್ಮ ಮನೆಯಲ್ಲಿ ಎರಡನೆಯದರ ಮಾತೆತ್ತಿದರೆ ನನ್ನನ್ನೇ ಗೋಡೆಯ ನಡುವೆ ನಿಲ್ಲಿಸುತ್ತಾರೆ.

ಕಷ್ಟ ಏನೆಂದರೆ, ಆ ಕಿಟಕಿಯ ಕೆಳಗೆ ಅಮ್ಮನ ಹೊಲಿಗೆ ಮೆಷಿನ್ ಇತ್ತು. ಮೂವತ್ತೈದು ವರ್ಷದಿಂದ ಯಾವ ಮನೆಗೆ ಹೋದರೂ ಅದಕ್ಕೆ ಕಿಟಕಿ ಬೆಳಕೇ ಬೇಕು. ಮಾತುಕತೆ ಎರಡು ದಿನ ನಡೆಯಿತು. ಕೊನೆಗೆ ಮೆಷಿನ್ ಒಂದೂವರೆ ಅಡಿ ಎಡಕ್ಕೆ ಹೋಯಿತು. ಸಬ್ ಅದರ ಪಕ್ಕ ಬಂತು. ಡಬ್ಬದ ತಲೆಯ ಮೇಲೆ ತನ್ನ ಸಾಮಾನು ಇಡಲು ಅಮ್ಮ ಹಕ್ಕು ಪಡೆದರು.

ನಾಬ್‌ಗಳನ್ನು ಕೂರಿಸಲು ಮೂರು ವಾರ ಹಿಡಿಯಿತು. ಮೊದಲು ಸ್ಪೀಕರುಗಳ ಹಿಂದಿನ ತೂತಿಗೆ ಹಳೇ ಕಾಲುಚೀಲ ತುರುಕಿದೆ. ಒಗೆದದ್ದೇ. ಹೀಗೆ ಮಾಡಿದರೆ ಸ್ಪೀಕರೂ ಮುಚ್ಚಿದ ಡಬ್ಬ ಆಗುತ್ತದೆ, ಅದರ ಬೇಸ್ ಧೊಪ್ಪನೆ ಬೀಳದೆ ಮೆಲ್ಲಗೆ ಇಳಿಯುತ್ತದೆ, ಸಬ್ ಜೊತೆ ಹೊಲಿಗೆ ಕಾಣದಂತೆ ಸೇರುತ್ತದೆ. ಆಮೇಲೆ ಕ್ರಾಸ್‌ಓವರ್, ಅಂದರೆ ಎಲ್ಲಿಂದ ಕೆಳಗಿನ ಸದ್ದನ್ನು ಸಬ್ ವಹಿಸಿಕೊಳ್ಳಬೇಕು ಅನ್ನೋ ಗಡಿ. 80 ಹರ್ಟ್ಜ್ ಅಂತ ಎಲ್ಲ ಕಡೆ ಹೇಳುತ್ತಾರೆ. ಅದಕ್ಕಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತು ಅಂತ ಕಿವಿಗೆ ಸುಲಭಕ್ಕೆ ತಿಳಿಯುವುದಿಲ್ಲ ಅನ್ನೋದು ಕಾರಣ. ನನ್ನ ಕಿವಿಗೆ 75ರಲ್ಲಿ ನಿಂತಿತು. ಸಬ್‌ನ ಅಲೆಯನ್ನು ಸ್ಪೀಕರಿನ ಅಲೆಯ ಜೊತೆ ಹೆಜ್ಜೆ ಕೂಡಿಸುವ ಫೇಸ್ ಅನ್ನೋ ಗುಂಡಿ 0ಯಲ್ಲಿರಬೇಕೋ 180ರಲ್ಲೋ ಅಂತ ತಲೆಕೆಡಿಸಿಕೊಳ್ಳಬೇಡಿ. ಕ್ರಾಸ್‌ಓವರಿನ ಹತ್ತಿರದ ಒಂದು ಸ್ವರ ಹಾಕಿ, ಮನೆಯಲ್ಲಿ ಯಾರಾದರೂ ಗುಂಡಿ ಒತ್ತಲಿ, ನೀವು ಕೂತಲ್ಲಿ ಯಾವಾಗ ಜೋರಾಗಿ ಕೇಳುತ್ತದೋ ಅದು ಸರಿ.

ನಾನು ಮಾಡುವ ಪರೀಕ್ಷೆ ಒಂದೇ. ಭೀಮಸೇನ ಜೋಶಿಯವರ ಒಂದು ವಿಲಂಬಿತ್ ಹಾಕುತ್ತೇನೆ. ಅವರ ದನಿ ಮಂದ್ರಕ್ಕೆ ಇಳಿದಾಗ ಕಿಟಕಿಯ ಕಡೆ ತಿರುಗಬೇಕು ಅನ್ನಿಸಿತಾ? ಅನ್ನಿಸಿದರೆ ಕ್ರಾಸ್‌ಓವರ್ ಮೇಲಿದೆ, ಇಲ್ಲವೇ ಗೇನ್, ಅಂದರೆ ಸಬ್‌ನ ಜೋರು, ಜಾಸ್ತಿ ಇದೆ. ಆಮೇಲೆ ಸಬ್ ಆಫ್ ಮಾಡುತ್ತೇನೆ. ಹಾಡಿನಲ್ಲಿ ಏನೋ ಹೋಯಿತು, ಏನು ಅಂತ ಹೇಳಲಾಗದು, ವೇದಿಕೆಯೇ ಒಂದು ಅಡಿ ಕಿರಿದಾಯಿತು ಅನ್ನಿಸಿದರೆ ಗೇನ್ ಸರಿಯಾಗಿದೆ. ಸಬ್ ಆನ್ ಇರುವಾಗ 'ಆಹಾ, ಸಬ್!' ಅನ್ನಿಸಿದರೆ ಇನ್ನೂ ಸ್ವಲ್ಪ ಇಳಿಸಬೇಕು. ಮೈಕ್ ತಂದು ಆರ್‌ಇಡಬ್ಲ್ಯೂ ಅನ್ನೋ ಉಚಿತ ತಂತ್ರಾಂಶದಲ್ಲಿ ಅಳೆಯಬಹುದು, ಅಳೆದೂ ನೋಡಿದೆ. ಗ್ರಾಫ್ ಚೆನ್ನಾಗಿ ಬಂದ ದಿನ ಮನಸ್ಸಿಗೂ ಸಮಾಧಾನ. ಆದರೆ ಗ್ರಾಫ್ ನೋಡುತ್ತಾ ಕೂತರೆ ಒಂದು ಕೃತಿ ಪೂರ್ತಿ ಕೇಳಲಾಗುವುದಿಲ್ಲ, ಅದೊಂದು ಚಟ.

ಯಾರೂ ಹೇಳದೇ ಇದ್ದ ಒಂದು ತೊಂದರೆ ನಮ್ಮ ಸಂಗೀತಕ್ಕೇ ಮೀಸಲು. ಸಬ್‌ಗಳಲ್ಲಿ ಆಟೋ ಅಂತ ಇರುತ್ತದೆ. ಸ್ವಲ್ಪ ಹೊತ್ತು ಬೇಸ್ ಬರದಿದ್ದರೆ ಅದು ತಾನೇ ನಿದ್ದೆ ಹೋಗುತ್ತದೆ. ಪಾಪ್ ಹಾಡು ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ನಾನು ಒಂದು ರಾತ್ರಿ ರಾಗ ತಾನ ಪಲ್ಲವಿ ಹಾಕಿಕೊಂಡು ಕೂತಿದ್ದೆ. ಹಾಡುವವರು ಹೆಂಗಸರು, ಶ್ರುತಿ ಮೇಲಿನದು. ರಾಗ ಇಪ್ಪತ್ತು ನಿಮಿಷ, ತಾನ ಹತ್ತು ನಿಮಿಷ. ಮೃದಂಗವೇ ಇಲ್ಲ. ಪಲ್ಲವಿಯ ಎತ್ತುಗಡೆಗೆ ಮೃದಂಗದವರು ಕೈ ಹಾಕಿದರು ನೋಡಿ, ಡಬ್ಬ ಗೊರಕೆ ಹೊಡೆಯುತ್ತಿತ್ತು. ಮೊದಲ ಎರಡು ಹೊಡೆತ ಹೋದ ಮೇಲೆ 'ಟಕ್' ಅಂತ ಎಚ್ಚರವಾಯಿತು. ಕಚೇರಿಯಲ್ಲಿ ತೂಕಡಿಸಿ, ತನಿ ಶುರುವಾದಾಗ ಬೆಚ್ಚಿಬೀಳುವ ಮಾವನ ಹಾಗೆ. ಅವತ್ತಿನಿಂದ ಆಟೋ ತೆಗೆದು, ಕೇಳುವಷ್ಟು ಹೊತ್ತೂ ಆನ್‌ನಲ್ಲೇ ಇಡುತ್ತೇನೆ.

ರಾತ್ರಿ ಮೆಲ್ಲಗೆ ಕೇಳುವಾಗ ಗೇನ್ ಒಂದು ಕೂದಲೆಳೆ ಏರಿಸುತ್ತೇನೆ. ಸದ್ದು ಕಮ್ಮಿಯಾದಂತೆ ಕಿವಿ ಬೇಸನ್ನೇ ಮೊದಲು ಬಿಟ್ಟುಕೊಡುತ್ತದೆ ಅನ್ನೋದು 1933ರಲ್ಲಿ ಫ್ಲೆಚರ್, ಮನ್ಸನ್ ಇಬ್ಬರೂ ಅಳೆದು ತೋರಿಸಿದ ಸಂಗತಿ. ಹಳೇ ಆಂಪ್‌ಗಳಲ್ಲಿ ಲೌಡ್‌ನೆಸ್ ಅನ್ನೋ ಗುಂಡಿ ಇರುತ್ತಿತ್ತಲ್ಲ, ಅದು ಇದಕ್ಕೇ. ನಾವು ಹುಡುಗರಾಗಿದ್ದಾಗ ಅದನ್ನು ಒತ್ತಿ ವಾಲ್ಯೂಮ್ ಪೂರ್ತಿ ತಿರುಗಿಸುತ್ತಿದ್ದೆವು. ಅಪ್ಪ ಬಂದು ಎರಡನ್ನೂ ಆಫ್ ಮಾಡುತ್ತಿದ್ದರು.

ಓನರ್ ತಾತ ಆಮೇಲೆ ಮೋಟರ್ ಬಗ್ಗೆ ಕೇಳಿಲ್ಲ. ಸಬ್ ಕೆಳಗೆ ದಪ್ಪ ರಬ್ಬರ್ ಹಾಳೆ ಹಾಕಿದ್ದೇನೆ. ಅದರಿಂದ ನೆಲದ ನಡುಕ ನಿಲ್ಲುತ್ತದೆಯೇ ಹೊರತು ಗಾಳಿಯಲ್ಲಿ ಹೋಗುವ ಬೇಸ್ ನಿಲ್ಲುವುದಿಲ್ಲ. ಹಾಗಾಗಿ ಒಂಬತ್ತೂವರೆ ಆದ ಮೇಲೆ ತನಿ ಇಲ್ಲ. ಶೋಕೇಸಿನ ಗಾಜಿನ ಸಂದಿಗೆ ಮದುವೆ ಆಮಂತ್ರಣ ಪತ್ರಿಕೆ ಮಡಿಸಿ ಸಿಕ್ಕಿಸಿದ್ದೇನೆ. ಬೊಂಬೆಗಳು ಈಗ ಒಂದೇ ಕಡೆ ನೋಡುತ್ತವೆ.

ಡಬ್ಬದ ತಲೆಯ ಮೇಲೆ ಅಮ್ಮ ಬಿಸ್ಕತ್ತಿನ ಒಂದು ಹಳೇ ತಗಡಿನ ಡಬ್ಬಿ ಇಟ್ಟಿದ್ದಾರೆ. ಒಳಗೆ ಬಾಬಿನ್‌ಗಳು, ಗುಂಡಿಗಳು, ಎರಡು ಕತ್ತರಿ. ನಾನು ಆಸೆಗೆ ಬಿದ್ದು ಗೇನ್ ಸ್ವಲ್ಪ ಏರಿಸಿದ ದಿನ, ದೊಡ್ಡ ಗುಮ್ಕಿ ಬಂದಾಗ ಬಾಬಿನ್‌ಗಳು 'ಝರ್' ಅನ್ನುತ್ತವೆ. ಅಮ್ಮ ಹೊಲಿಗೆಯಿಂದ ತಲೆ ಎತ್ತುವುದಿಲ್ಲ. ಕೈ ಮಾತ್ರ ಡಬ್ಬದ ಹಿಂದೆ ಹೋಗಿ, ನಾಬನ್ನು ಒಂದು ಗೆರೆ ಹಿಂದಕ್ಕೆ ತಿರುಗಿಸಿ ಬರುತ್ತದೆ.